ಈರುಳ್ಳಿ ಸುಲಿಯುವವರು

ಮೈನಸ್ ಹದಿನೆಂಟು. ತಾಂಪೆರೆಯ ಎರಡು ಕೆರೆಗಳ ನಡುವೆ
ಧುಮುಕುವ ನೀರೊಂದೇ ಹೆಪ್ಪುಗಟ್ಟಿರಲಿಲ್ಲ.
ಏಳಕ್ಕೇ ಸಾಲು ನಿಂತರು: ಕಿಟಕಿ ಪರದೆ ಕತ್ತರಿಸಿ ಹೊಲಿದ ನಿಲುವಂಗಿ,
ಉಣ್ಣೆಯ ಗಡ್ಡ, ರಟ್ಟಿನ ಗುರಾಣಿ.
ಕತ್ತಿಗಳನ್ನು ಕೋಟಿನ ಕೌಂಟರಿನಲ್ಲೇ ಬಿಡಿ ಅಂದೆ.
ಬಿಟ್ಟರು. ಟೋಕನ್ ಪಡೆದು,
ಹೆರಿಗೆ ಕೋಣೆಯ ಹೊರಗೆ ಕಾಯುವವರ ಮುಖ ಹೊತ್ತು
ಒಳಗೆ ಹೋದರು.

ಚಿತ್ರ ಮೂರು ಗಂಟೆ ನಲವತ್ತೆಂಟು ನಿಮಿಷ.
ಪುಸ್ತಕ ಒಂಬೈನೂರ ಹನ್ನೊಂದು ಪುಟ. ನಾನು ಓದಿಲ್ಲ.
ನನ್ನದು ಟಾರ್ಚು ಹಿಡಿಯುವ ಕೆಲಸ,
ಬಾಗಿಲಲ್ಲಿ ನಿಂತು ತೆರೆಯನ್ನಲ್ಲ,
ತೆರೆ ಬೆಳಗಿದ ಮುಖಗಳನ್ನು ನೋಡುವುದು.
ತುಟಿಗಳು ಮಾತಿಗಿಂತ ಅರೆಗಳಿಗೆ ಮುಂದೆ ಅಲುಗುತ್ತಿದ್ದವು.
ಎಲ್ಲೋ ಒಂದು ಸಾಲು ಬದಲಾಗಿತ್ತು,
ಇನ್ನೂರು ತುಟಿ ಒಟ್ಟಿಗೇ ಎಡವಿದವು.

ಮಧ್ಯಂತರದಲ್ಲಿ ಏಲಕ್ಕಿ ಬನ್ನು, ಕಾಫಿ, ಜಗಳ.
ತೂರೆ ಎಂಬ ಹುಡುಗ, ಹದಿನಾರಿರಬಹುದು, ಹಲ್ಲಿಗೆ ತಂತಿ:
"ರೆಪ್ಪೆ ನೋಡಿದಿರಾ? ಡ್ರ್ಯಾಗನ್ನಿಗೆ ಎರಡೆರಡು ರೆಪ್ಪೆ!
ಒಳಗಿನದು ಪಕ್ಕದಿಂದ ಮುಚ್ಚುತ್ತದೆ, ಬರೆದ ಹಾಗೇ!"
ಕುಣಿದು ಯಾರದೋ ಕಾಫಿ ಚೆಲ್ಲಿದ.
ರಾಣಿಯ ಕೂದಲು ಕೆಂಪಗಿರಬೇಕಿತ್ತು ಅಂತ ಒಬ್ಬಳು.
ಹಿಮದ ಕಣಿವೆಯನ್ನು ಆರೇ ನಿಮಿಷಕ್ಕೆ ದಾಟಿಸಿಬಿಟ್ಟರು,
ನಾವು ಇಡೀ ಒಂದು ಬೇಸಿಗೆ ನಡೆದಿದ್ದೆವು, ಅಂತ ಇನ್ನೊಬ್ಬ.
ನಾವು, ಅಂದ.

ಹೆಲ್ಕಾ ಮಾತ್ರ ಸುಮ್ಮನೆ
ಕಿಟಕಿಯ ಹಬೆಯಲ್ಲಿ ಬೆರಳಾಡಿಸುತ್ತಿದ್ದಳು.
"ಇನ್ನೂ ಬಂದಿಲ್ಲ" ಅಂದಳು,
ತಡವಾದ ಬಸ್ಸಿನ ವಿಷಯ ಹೇಳುವಂತೆ.

ಬರಲಿಲ್ಲ.
ಕೋಟೆ ಬಿತ್ತು, ಎದ್ದಿತು,
ಹೆಸರುಗಳು ಉರುಳುರುಳಿ ಕೊನೆಯ ಕುದುರೆ ಕಾಯುವವನವರೆಗೂ ಹೋದವು,
ಅಡುಗೆಮನೆಯ ಬಾಗಿಲು ಒಮ್ಮೆಯೂ ತೆರೆಯಲಿಲ್ಲ.

ಹನ್ನೆರಡು ದಾಟಿತ್ತು. ಗ್ರಿಲ್ ಅಂಗಡಿಯ ಬೆಳಕಿನ ಕೆಳಗೆ
ನಿಲುವಂಗಿಯ ಅಂಚುಗಳು ಹಿಮಕ್ಕೆ ಸೆಟೆದು ತಗಡಾಗಿದ್ದವು.
ಯಾರು ಬರಬೇಕಿತ್ತು ಅಂತ ಕೇಳಿಯೇಬಿಟ್ಟೆ.

ಆರುನೂರ ನಾಲ್ಕನೆಯ ಪುಟ, ಅಂದಳು.
ಮುತ್ತಿಗೆಯ ರಾತ್ರಿ. ಎಲ್ಲರೂ ಕೊಡಲಿ ಮಸೆಯುವಾಗ
ಒಬ್ಬರು ಕೂತು ಈರುಳ್ಳಿ ಸುಲಿಯುತ್ತಾರೆ.
ಈಗ ಯಾಕೆ, ಅಂತಾನೆ ಸೈನಿಕ.
ನಾಳೆ ಯಾರಾದರೂ ಉಳಿದರೆ ಅವರಿಗೆ ಹಸಿವಾಗುತ್ತದಲ್ಲ.
ಅಷ್ಟೇ. ಒಂದೂವರೆ ಪುಟ.
ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ರಾತ್ರಿಪಾಳಿಯಲ್ಲಿ
ಯಂತ್ರ ತಿರುಗುವಷ್ಟು ಹೊತ್ತು ಅದನ್ನೇ ಓದುತ್ತಿದ್ದೆ.

"ಆ ಮುದುಕ ಅಂದರೆ ನನಗೂ ಇಷ್ಟ" ಅಂದ ಓಯ್ವಾ,
ರಸ್ತೆಯ ಹಿಮ ಗೋರುವ ಗಾಡಿಯವನು.
"ಮುದುಕನೇ? ಅವಳು ಹುಡುಗಿ!"
"ಬಿಳಿ ಮೀಸೆ ಇದೆ!"
"ಎಲ್ಲಿ ಬರೆದಿದೆ?"

ಎಲ್ಲೂ ಬರೆದಿಲ್ಲ. ಇಲ್ಲಿಯ ಭಾಷೆಯಲ್ಲಿ
ಅವನಿಗೂ ಅವಳಿಗೂ ಒಂದೇ ಮಾತು: ಹ್ಯಾನ್.
ಇಪ್ಪತ್ತು ವರ್ಷ ಇಬ್ಬರೂ ಅದೇ ಬಾಗಿಲಿನಿಂದ ಇಣುಕಿ
ಬೇರೆ ಬೇರೆಯವರನ್ನು ನೋಡಿ ಬಂದಿದ್ದರು.

ತೂರೆಯ ಬಾಯಿ ತುಂಬ ಕರಿ ಸಾಸೇಜು:
"ಬರದಿದ್ದುದೇ ಒಳ್ಳೆಯದಾಯಿತು ಬಿಡಿ.
ನನ್ನ ರಾಣಿ ಹೋದಳು. ಇನ್ನು ಯಾವಾಗ ಓದಿದರೂ
ಆ ನಟಿಯೇ ಬಂದು ಕೂರುತ್ತಾಳೆ."

ಯಾರೂ ಮಾತಾಡಲಿಲ್ಲ.
ಅಂಗಡಿಯವನು ಈರುಳ್ಳಿ ಕೊಚ್ಚುತ್ತಿದ್ದ, ಸಿಪ್ಪೆಯನ್ನೂ ಸರಿಯಾಗಿ ತೆಗೆಯದೆ.
"ಆದರೂ ಕೈ ಒಂದನ್ನಾದರೂ ತೋರಿಸಬಹುದಿತ್ತು" ಅಂದಳು ಹೆಲ್ಕಾ.
"ಬರೀ ಕೈ."
ನಾಲ್ಕಕ್ಕೆ ಗಾಡಿ ಹೊರಡಬೇಕು ಅಂತ ಓಯ್ವಾ ಎದ್ದ.

ಕೌಂಟರಿನಲ್ಲಿ ಕತ್ತಿಯೊಂದು ಉಳಿದಿದೆ, ಟೋಕನ್ ನಲವತ್ತೇಳು.
ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಹೆಸರು ಬರೆಸಿದೆ,
ನನ್ನ ಸರದಿ ನೂರಾ ಮೂವತ್ತೊಂದು.
ಅಲ್ಲಿಯವರೆಗೆ ನನ್ನವರು ಹೀಗಿದ್ದಾರೆ:
ಎಡಚರು, ಒಂದು ಕಿವಿ ಮಂದ,
ಸಿಪ್ಪೆಯನ್ನು ನೆಲಕ್ಕೆ ಹಾಕದೆ
ಜೇಬಿಗೆ ತುಂಬಿಕೊಳ್ಳುತ್ತಾರೆ.