ಎರಡನೆಯ ಸಾಲಿನ ವಯೋಲ

ರೀಗಾ. ಡೌಗವಾ ನದಿಯ ಮೇಲೆ ಇನ್ನೂ ಮಂಜುಗಡ್ಡೆ.
ಡ್ರಮ್ಮಿಗೂ ನಮಗೂ ನಡುವೆ ಗಾಜಿನ ಗೋಡೆ,
ನನ್ನ ಕಿವಿಯಲ್ಲಿ ಹಳದಿ ಬಿರಡೆ.
ಮೂವತ್ತೊಂದು ವರ್ಷ ಕೂತ ಕುರ್ಚಿ
ಇವತ್ತು ಕೆಳಗಿನಿಂದ ನಡುಗುತ್ತಿದೆ.

ಗಿಂಟ್ಸ್‌ಗೆ ಸ್ವರಲಿಪಿ ಓದಲು ಬಾರದು.
ತಾಲೀಮಿನಲ್ಲಿ ಮೂರು ಸಲ ಮುಂಚೆಯೇ ಬಂದ,
ನಾಲ್ಕನೆಯ ಸಲ ಬರಲೇ ಇಲ್ಲ.
ಹಿಂಬಾಗಿಲಲ್ಲಿ ಬೆಂಕಿಪೊಟ್ಟಣ ಕೇಳುವ ನೆಪದಲ್ಲಿ ಹೇಳಿದ:
"ಕಂಡಕ್ಟರರ ಕೋಲು ನನಗೆ ತಿಳಿಯೋದಿಲ್ಲ,
ನಿಮ್ಮ ಮೊಣಕೈ ತಿಳಿಯುತ್ತೆ."

ಈಗ ಆರು ಸಾವಿರ ಜನ. ಹೊಗೆ. ನೀಲಿ ಬೆಳಕು.
ಕಮಾನು ಇಳಿಸುವ ಮೊದಲು
ಮೊಣಕೈಯನ್ನು ಬೇಕಾದುದಕ್ಕಿಂತ ಒಂದಂಗುಲ ಮೇಲೆತ್ತುತ್ತೇನೆ,
ಯಾವ ಮೇಷ್ಟರೂ ಕ್ಷಮಿಸದ ತಪ್ಪು.

ಅವನ ತಂತಿ ಗುಡುಗಿತು, ಸರಿಯಾಗಿ ಅಲ್ಲಿಗೇ.
ನನ್ನ ವಯೋಲ ನನಗೇ ಕೇಳಿಸಲಿಲ್ಲ;
ಗದ್ದದ ಮೂಳೆಗೆ ಕೇಳಿಸಿತು.