ಎಡಗಡೆಯ ಸೀಟಿನ ತೂಕ

ಲಾನ್ಸೆಸ್ಟನ್ನಿನಿಂದ ಫೋನಿನಲ್ಲಿ ಡೂಗಲ್ ಕೇಳಿದ:
"ಹಿಂದಿನ ಸ್ಪ್ರಿಂಗು ಎಷ್ಟರದು ಬೇಕು, ಮರ್ವಿನ್?
ನೂರಾ ಮೂವತ್ತೋ, ನೂರಾ ಅರವತ್ತೋ?"
ಇಂಚಿಗಿಷ್ಟು ಪೌಂಡೆಂಬ ಲೆಕ್ಕ ಅದು,
ಒಂದೇ ಒಂದಿಂಚು ಕುಗ್ಗಲು
ಎಷ್ಟು ಭಾರ ಬೀಳಬೇಕು ಅನ್ನುವುದು.
ನನ್ನನ್ನು ಯಾರೂ ಇಷ್ಟು ಸರಿಯಾಗಿ ಕೇಳಿದ್ದಿಲ್ಲ.

"ಗಟ್ಟಿಯಾದರೆ ಹೊಂಡ ಕಂಡಲ್ಲಿ ಗುಬ್ಬಿಯಂತೆ ಕುಪ್ಪಳಿಸುತ್ತೆ,
ಮೆತ್ತಗಾದರೆ ತಿರುವಿನಲ್ಲಿ ಹೊಟ್ಟೆ ಉಜ್ಜುತ್ತೆ.
ಅತ್ತ ದರಿ, ಇತ್ತ ಪುಲಿ. ತೂಕ ಹೇಳು.
ನಿನ್ನದು ಗೊತ್ತು.
ಪಕ್ಕದಲ್ಲಿ ಯಾರು ಕೂರುತ್ತಾರೆ?"

ಕಿಟಕಿಯಾಚೆ ನೋಡಿದೆ.
ಹ್ಯೂವನ್ ಹೊಳೆಯ ಮೇಲೆ ಒಂದೇ ದೋಣಿ,
ಅದರಲ್ಲೂ ಯಾರೂ ಇರಲಿಲ್ಲ.
"ತೂಗಿ ಹೇಳ್ತೀನಿ" ಅಂದೆ.

ಆರು ವರ್ಷವಾಯಿತು ಈ ಕಾರು ಕಟ್ಟಲು ಹಿಡಿದು.
ಚೌಕ ಕೊಳವೆ ಕತ್ತರಿಸಿ, ಬೆಸೆದು,
ಬೆಸೆದದ್ದು ಸೊಟ್ಟಗಾಗಿ ಮತ್ತೆ ಕತ್ತರಿಸಿ,
ಹಳೇ ಟೊಯೊಟಾದ ಆಕ್ಸಲು,
ಯಾರದೋ ಕೊಟ್ಟಿಗೆಯಲ್ಲಿ ಕೋಳಿ ಕಾವು ಕೂತಿದ್ದ ಎಂಜಿನ್ನು.
ಬಾಗಿಲಿಲ್ಲ, ಚಾವಣಿಯಿಲ್ಲ,
ಒಟ್ಟು ಐನೂರ ಅರವತ್ತು ಕೇಜಿ;
ನನ್ನಕ್ಕನ ಹಸು ಇದಕ್ಕಿಂತ ಭಾರ.
ಸೀಟು ಮಾತ್ರ ಎರಡು.
ಯಾಕೆ ಎರಡು? ನಕ್ಷೆಯಲ್ಲಿ ಎರಡಿತ್ತು.

ನಾಲ್ಕು ಚಕ್ರಕ್ಕೆ ನಾಲ್ಕು ತೂಕದ ಯಂತ್ರ,
ಬಚ್ಚಲುಮನೆಯಲ್ಲಿ ಇರುತ್ತವಲ್ಲ, ಅಂಥವು.
ಒಂದು ನನ್ನದು. ಒಂದು ಔಷಧದಂಗಡಿಯ ಫರ್ಗಸ್‌ನದು.
ಪಾದ್ರಿಯ ಹೆಂಡತಿ ಕೊಟ್ಟದ್ದು ಎರಡು ಕೇಜಿ ಕಮ್ಮಿ ತೋರಿಸುತ್ತೆ,
ಆ ಮನೆಯಲ್ಲಿ ಯಾರೂ ದೂರಿದಂತಿಲ್ಲ.
ನಾಲ್ಕನೆಯದು ಐಲ್ಸಾಳದು,
ಬ್ರೂನಿ ದ್ವೀಪದ ಫೆರಿಯಲ್ಲಿ ಟಿಕೆಟ್ಟು ಹರಿಯುವವಳು.
"ಭಾನುವಾರ ವಾಪಸ್ಸು" ಅಂದಿದ್ದಳು, ಕಾರಣ ಕೇಳದೆ.

ಎಡಸೀಟಿಗೆ ಸೇಬಿನ ಚೀಲ ಕೂರಿಸಿದೆ,
ಅರವತ್ತೆರಡು ಕೇಜಿ. ಬೆಲ್ಟೂ ಕಟ್ಟಿದೆ.
ಬಲಕ್ಕೆ ನಾನು.
ಕೂತರೆ ಮುಳ್ಳು ಕಾಣದು.
ಇಳಿದು ನೋಡೋಣವೆಂದರೆ ನನ್ನ ಎಂಬತ್ತು ಕೇಜಿ
ನನ್ನ ಜತೆಗೇ ಇಳಿದುಬಿಡುತ್ತೆ.
ಕನ್ನಡಿ ನೆಲಕ್ಕಿಟ್ಟು ಬಗ್ಗಿದೆ;
ಬಗ್ಗಿದಷ್ಟೂ ಭಾರ ವಾಲಿ ಅಂಕಿ ಜಾರಿತು.
ಒಬ್ಬಂಟಿಗೆ ಆಗುವ ಕೆಲಸವಲ್ಲ ಇದು ಅಂತ
ನಕ್ಷೆಯಲ್ಲಿ ಎಲ್ಲೂ ಬರೆದಿರಲಿಲ್ಲ.

ಭಾನುವಾರ ಐಲ್ಸಾ ಬಂದಳು,
ಡೀಸಲ್ ವಾಸನೆಯ ಕೋಟು ಬಿಚ್ಚದೆ.
ಚೀಲ ನೋಡಿದಳು. ಚೀಲಕ್ಕೆ ಕಟ್ಟಿದ ಬೆಲ್ಟು ನೋಡಿದಳು.
ಮೊಣಕಾಲೂರಿ, ಕನ್ನಡಕ ಹಣೆಯಿಂದ ಮೂಗಿಗಿಳಿಸಿ ಓದಿದಳು:
"ಹಿಂದೆ ಎಡಕ್ಕೆ ನೂರಾ ನಲವತ್ತೆರಡು.
ಬಲಕ್ಕೆ ನೂರಾ ನಲವತ್ತಾರು."
ಬರೆದುಕೊಂಡೆ. ಚಕ್ರ, ಟೈರು, ಅರ್ಧ ಆಕ್ಸಲು,
ಸ್ಪ್ರಿಂಗು ಹೊರದ ಮೂವತ್ತನಾಲ್ಕು ಕಳೆದೆ.
ಡ್ಯಾಂಪರು ವಾಲಿ ನಿಂತಿದೆ,
ವಾಲಿದ್ದಕ್ಕೆ ಒಂದಿಷ್ಟು ಕೂಡಿಸಿದೆ.
ಪೆನ್ಸಿಲು ನೂರಾ ನಲವತ್ತರ ಹತ್ತಿರ ನಿಂತಿತು.

"ಯಾರ ಬದಲಿಗೆ ಈ ಚೀಲ?"
"ಯಾರಾದರೂ ಕೂತರೆ, ಅಂತ."
"ಯಾರಾದರೂ ಅಂದರೆ ಅರವತ್ತೆರಡಾ?"
ಸುಮ್ಮನಿದ್ದೆ.
"ನಾನು ಎಪ್ಪತ್ತು" ಅಂದಳು,
ಫೆರಿ ಹೊರಡುವ ಹೊತ್ತು ಹೇಳುವ ದನಿಯಲ್ಲಿ.

ಇಬ್ಬರೂ ಸೇರಿ ಚೀಲ ಎಳೆದು ಇಳಿಸಿದೆವು.
ಬಾಗಿಲಿಲ್ಲದ ಕಡೆಯಿಂದ ಕಾಲೆತ್ತಿ ಹಾಕಿ ಕೂತಳು. ನಾನೂ ಕೂತೆ.
ಸಾಲ ತಂದ ಹಳೆಯ ಸ್ಪ್ರಿಂಗು ಕಿರ್ರೆಂದು
ಒಂದು ಬೆರಳಷ್ಟು ತಗ್ಗಿತು.
ಚೀಲದಿಂದ ಉಳಿದ ಸೇಬೊಂದು
ಗೇರಿನ ಕಡ್ಡಿ ದಾಟಿ ಉರುಳಿ ಕ್ಲಚ್ಚಿನಡಿ ಸೇರಿತು.

ಸರಿ, ಈಗ ಓದುವವರು ಯಾರು?
ಅವಳಿಳಿದರೆ ಅವಳದು ಹೋಯಿತು, ನಾನಿಳಿದರೆ ನನ್ನದು.
ನಾಲ್ಕು ಮುಳ್ಳು ನಾಲ್ಕು ಮೂಲೆಯಲ್ಲಿ
ಏನನ್ನೋ ತೋರಿಸುತ್ತಾ ನಿಂತವು.
ಫರ್ಗಸ್‌ನ ನಾಯಿ ಬಂದು ಒಂದನ್ನು ಮೂಸಿ ಹೋಯಿತು.
"ಯಾರಾದರೂ ಈ ಕಡೆ ಬರಬಹುದು."
"ಭಾನುವಾರ" ಅಂದೆ. "ತಡವಾಗಬಹುದು."
"ಆಗಲಿ."
ಸ್ಟಿಯರಿಂಗು ಇನ್ನೂ ಜೋಡಿಸಿರಲಿಲ್ಲ.
ಕೈ ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡೆ.

ಸೋಮವಾರ ಡೂಗಲ್‌ಗೆ ಹೇಳಿದೆ: ನೂರಾ ಐವತ್ತು.
"ತೂಗಿದೆಯಾ?"
"ಅರ್ಧ ತೂಗಿದ್ದು. ಅರ್ಧ ಬಾಯಿಮಾತು."

ಅವಳ ಯಂತ್ರ ಅವಳು ಒಯ್ದಳು,
ಭಾನುವಾರ ಅಂದರೆ ಭಾನುವಾರವೇ.
ಆ ಜಾಗದಲ್ಲೀಗ ಎರಡು ಇಟ್ಟಿಗೆ,
ಕಾರು ಎಡಕ್ಕೆ ಚೂರು ವಾಲಿದೆ.
ಕ್ಲಚ್ಚಿನಡಿಯ ಸೇಬು ತೆಗೆಯಬೇಕು.