ಬಾಯಲ್ಲಿಟ್ಟುಕೊಂಡ ನಂಬರು

ನಿಶ್ಚಲ ಅಂತ ಹೆಸರಿಟ್ಟವನು ನಾನೇ.
ಹೆಸರು ಕೇಳಿದವರು ಮೊದಲು ಅವನನ್ನು ನೋಡುತ್ತಾರೆ,
ಆಮೇಲೆ ನನ್ನನ್ನು,
ಆಮೇಲೆ ನಗುತ್ತಾರೆ.

ಏಳು ವರ್ಷ. ಒಂದು ಕಾಲಿಗೆ ಸಾಕ್ಸು ಏರಿಸುವಷ್ಟರಲ್ಲಿ
ಇನ್ನೊಂದು ಕಾಲು ಬೀದಿಯಲ್ಲಿರುತ್ತದೆ.
ಡೈರಿಯಿಂದ ಅರ್ಧ ಲೀಟರ್ ಹಾಲು ತಾ ಎಂದರೆ
ಯಾರದೋ ಎಮ್ಮೆ ಕರು ಹಾಕಿದ ಸುದ್ದಿ ತರುತ್ತಾನೆ.
ಕರು ಹೆಣ್ಣು, ಹಣೆಯಲ್ಲಿ ಬಿಳಿ ಚುಕ್ಕೆ,
ನಿಲ್ಲಲು ಹೋಗಿ ಮೂರು ಸಲ ಬಿತ್ತು,
ಎಲ್ಲ ನೆನಪಿದೆ, ಹಾಲೊಂದು ಬಿಟ್ಟು.
ಕ್ಯಾನೂ ಅಲ್ಲೇ ಎಲ್ಲೋ.

ಭ್ರಮರಾಂಬ ಮೇಡಂ ಶಾಲೆಗೆ ಕರೆಸಿದರು.
"ತಲೆ ಚೆನ್ನಾಗಿದೆ. ಒಳಗೆ ಮೇಸ್ತ್ರಿ ಇಲ್ಲ ಅಷ್ಟೆ.
ಪ್ರಶ್ನೆ ಮುಗಿಯೋಕೆ ಮುಂಚೆ ಉತ್ತರ ಕೂಗ್ತಾನೆ,
ಅದೂ ನಾನು ಕೇಳದೆ ಇರೋ ಪ್ರಶ್ನೆಗೆ."
ಹೊಡೆಯಬೇಡಿ, ಎಂದರು. ಅದು ಬೆಳೆಯುವಂಥದ್ದು,
ಹಲ್ಲಿನ ಹಾಗೆ. ಹಲ್ಲಿಗಿಂತ ಬಹಳ ನಿಧಾನ.

ನಾನು ರೈಲ್ವೆ ಗೇಟಿನವನು, ಯಲಿಯೂರಿನ ಹತ್ತಿರ.
ಹನ್ನೊಂದು ವರ್ಷದಿಂದ ತಡೆಯುವುದಕ್ಕೇ ಸಂಬಳ.
ಫೋನು ಹೊಡೆದುಕೊಳ್ಳುತ್ತದೆ,
ಸ್ಟೇಷನ್ನಿನಿಂದ ಒಂದು ನಂಬರು.
ತಿರುಗಿ ಹೇಳು, ಬರಿ, ಗೇಟು ಇಳಿಸು, ಬೀಗ ಹಾಕು,
ಬಾವುಟ ಹಿಡಿದು ನಿಲ್ಲು.
ಹಿಂದಿನದು ಮುಂದೆ ಆಗುವ ಹಾಗಿಲ್ಲ.
ಮೊದಲ ವಾರ ನಂಬರನ್ನು ಅಂಗೈಗೆ ಬರೆದುಕೊಳ್ಳುತ್ತಿದ್ದೆ,
ಅಂಗೈ ಬೆವರಿ ಅಳಿಸಿಹೋಗುತ್ತಿತ್ತು.
ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಗೇಟು ಬಿದ್ದರೆ ಹುಡುಗರಿಗೆ ಹಬ್ಬ.
ಫ್ಯಾಕ್ಟರಿಗೆ ಹೊರಟ ಟ್ರ್ಯಾಕ್ಟರುಗಳು ಸಾಲಾಗಿ ನಿಲ್ಲುತ್ತವೆ,
ಡ್ರೈವರು ಬೀಡಿ ಹಚ್ಚುತ್ತಾನೆ,
ಹಿಂದಿನಿಂದ ಸರ್ರನೆ ಒಂದು ಜಲ್ಲೆ.

ಆವತ್ತು ಅವನಮ್ಮ ತಂಗಿಯ ಹೆರಿಗೆಗೆಂದು ಮಂಡ್ಯಕ್ಕೆ ಹೋಗಿದ್ದಳು.
ಇವನು ನನ್ನ ಗೇಟಿನ ಕೋಣೆಯಲ್ಲಿ.
ರೂಲ್ಸಿಗೆ ವಿರುದ್ಧ. ಗೊತ್ತು.
ಫೋನು ಬಂತು, ತಿರುಗಿ ಹೇಳಿದೆ, ಬರೆದುಕೊಂಡೆ,
ಇವನನ್ನು ಕಟ್ಟಿಹಾಕಲು ಒಂದು ಸುಳ್ಳು ಹೇಳಿದೆ:
"ಅರವತ್ತೆಂಟು. ಬಾಯಲ್ಲೇ ಮಡಿಕೊಂಡಿರು.
ರೈಲು ಹೋದ್ಮೇಲೆ ನಂಗೆ ವಾಪಸ್ ಕೊಡ್ಬೇಕು ಕಣ್ಲಾ,
ಕಳೆದ್ರೆ ನನ್ ಕೆಲಸ ಹೋಯ್ತದೆ."

ಅರವತ್ತೆಂಟು, ಅರವತ್ತೆಂಟು,
ಬಾಯಲ್ಲಿ ಬಿಸಿ ಮುದ್ದೆ ಇದ್ದವನ ಹಾಗೆ
ಬಾಗಿಲು ದಾಟಿ ರಸ್ತೆಗಿಳಿದ.
ಸ್ಕೂಟರಿನವರ ಹಾರನ್ನು, ಯಾರದೋ ಮೊಬೈಲಿನ ಹಾಡು,
ಇಬ್ಬರು ಹುಡುಗರು ಆಗಲೇ ಜಗಿಯುತ್ತಿದ್ದರು.
ಇವನ ಮುಖದ ನೇರಕ್ಕೆ, ಹೊರೆಯಿಂದ ಜಾರಿ,
ಒಂದು ಜಲ್ಲೆ ತೂಗುತ್ತಿತ್ತು, ಗಿಣ್ಣಿಗೆ ಬೂದಿ ಹಚ್ಚಿದ ಹಾಗೆ.

ಕೈ ಮೇಲೆದ್ದಿತು.
ನನ್ನ ಕೈಯಲ್ಲಿ ಬಾವುಟ, ಹಳಿ ನಡುಗಲು ಶುರುವಾಗಿತ್ತು,
ಕೂಗಿದರೂ ಕೇಳುವುದಿಲ್ಲ.

ಎದ್ದ ಕೈ ಅಲ್ಲೇ ನಿಂತಿತು.
ಯಾರೋ ಹಿಡಿದ ಹಾಗೆ.
ಯಾರೂ ಹಿಡಿದಿರಲಿಲ್ಲ.

ಪ್ಯಾಸೆಂಜರ್ ಹೋಯಿತು, ಒಂದೊಂದೇ ಬೋಗಿ.
ದಿನಾ ಎಣಿಸಿ ಕಿರುಚುವವನು ಎಣಿಸಲಿಲ್ಲ.
ತುಟಿ ಮಾತ್ರ ಅಲುಗುತ್ತಿತ್ತು.

ಗೇಟು ಎತ್ತಿದೆ. ಓಡಿ ಬಂದ, ಏದುಸಿರು:
"ಎಂಬತ್ತಾರು!"

ರಿಜಿಸ್ಟರಿನಲ್ಲಿ ಅರವತ್ತೆಂಟು ತಣ್ಣಗೆ ಕೂತಿತ್ತು.
"ಸರಿಯಾಗದೆ" ಅಂದೆ.

ತಿರುಗಿ ನೋಡಿದರೆ ಟ್ರ್ಯಾಕ್ಟರು ಹೋಗಿ ಆಗಿದೆ,
ಜಲ್ಲೆ ಕುಣಿಯುತ್ತ ತಿರುವಿನಲ್ಲಿ ಮರೆಯಾಯಿತು.
ಆಗ ಅತ್ತ ನೋಡಿ, ನೆಲಕ್ಕೆ ಕೂತು ಅತ್ತ,
"ನಿನ್ನಿಂದ್ಲೇಯ" ಎಂದು ನನ್ನ ತೊಡೆಗೆ ಗುದ್ದಿದ.
ಗುದ್ದಿಸಿಕೊಂಡೆ. ಆ ಕೈಯನ್ನೇ ನೋಡುತ್ತಿದ್ದೆ.

ರಾತ್ರಿ ಅವನಮ್ಮ ಫೋನಿನಲ್ಲಿ ಕೇಳಿದಳು, ಏನು ಮಾಡಿದ?
ಏನಿಲ್ಲ, ಅಂದೆ.
ಏನೂ ಮಾಡದೆ ಇದ್ದದ್ದನ್ನು ಹೇಗೆ ಹೇಳುವುದು?

ಬೆಳಿಗ್ಗೆ ಡ್ಯೂಟಿಗೆ ಬಂದರೆ
ಗೇಟಿನ ಕಂಬದ ಬುಡದಲ್ಲಿ ಒಂದು ಚಪ್ಪಲಿ, ಎಡಗಾಲಿನದು.
ಇನ್ನೊಂದರಲ್ಲಿ ಮನೆವರೆಗೂ ನಡೆದಿದ್ದಾನೆ, ಗಮನವೇ ಇಲ್ಲದೆ,
ಪಕ್ಕದಲ್ಲೇ ನಡೆದ ನನಗೂ ಇಲ್ಲದೆ.